ಆರೈಕೆ ಕೇಂದ್ರದಿಂದ ಮರಳಿ ಊರಿಗೆ: ಕಾಸರಗೋಡಿನ ಮನೆಯವರು ಅಳೆದು ನೋಡಬೇಕಾದ ದಾರಿಗಳು

ಮಂಗಳೂರಿನ ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಅವಸರದಲ್ಲಿ ಮಾಡಿದ ತೀರ್ಮಾನವೇ ನಮ್ಮ ಕಡೆಯ ಅನೇಕ ಹಿರಿಯರ ಪಾಲಿಗೆ ಕೊನೆಯ ತೀರ್ಮಾನವಾಗಿಬಿಡುತ್ತದೆ. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿರುತ್ತದೆ, ಮನೆಯಲ್ಲಿ ಎತ್ತಿ ಕೂರಿಸುವವರಿಲ್ಲ, ಮಕ್ಕಳಲ್ಲಿ ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಗಲ್ಫಿನಲ್ಲಿ. ಹಾಗಾಗಿ 'ಸದ್ಯಕ್ಕೆ' ಎಂದು ಒಂದು ಆರೈಕೆ ಕೇಂದ್ರಕ್ಕೆ ಸೇರಿಸುತ್ತಾರೆ. ಆ ಸದ್ಯ ಎಲ್ಲಿಗೆ ಮುಗಿಯುತ್ತದೆ ಎಂದು ಯಾರೂ ಬರೆದಿಡುವುದಿಲ್ಲ. ಮೂರು ತಿಂಗಳಲ್ಲಿ ಗಾಯ ಮಾಗುತ್ತದೆ, ಊರುಗೋಲಿನಲ್ಲಿ ನಾಲ್ಕು ಹೆಜ್ಜೆ ನಡೆಯುವಂತಾಗುತ್ತದೆ, ಆದರೆ ಮನೆಯವರ ಮನಸ್ಸಿನಲ್ಲಿ ಅವರು ಇನ್ನೂ ಸ್ಟ್ರೆಚರಿನ ಮೇಲೆ ಮಲಗಿದ ದಿನದವರಾಗಿಯೇ ಉಳಿದಿರುತ್ತಾರೆ.

ಪೆರ್ಲದ ಸಮೀಪದ ನಮ್ಮ ಮನೆಯಲ್ಲಿ ಬಿದ್ದ ದೊಡ್ಡಮ್ಮ ಹೀಗೆ ಹದಿನಾಲ್ಕು ತಿಂಗಳು ಒಂದು ಕೇಂದ್ರದಲ್ಲಿದ್ದರು. ಅವರನ್ನು ಮರಳಿ ಕರೆತರುವ ಮಾತು ಬಂದಾಗ ನಮ್ಮೊಳಗೆ ನಡೆದ ವಾದವೆಲ್ಲ 'ಮನೆಯೋ ಆಶ್ರಮವೋ' ಎಂಬ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತಿತ್ತು. ಆ ಪ್ರಶ್ನೆಯೇ ತಪ್ಪು ಎಂದು ತಿಳಿಯಲು ನಮಗೆ ಬಹಳ ಸಮಯ ಹಿಡಿಯಿತು. ಹೋಲಿಸಬೇಕಾದದ್ದು ಮನೆ ಎಂಬ ಭಾವನೆಯನ್ನು ಆಶ್ರಮ ಎಂಬ ಭಾವನೆಯೊಂದಿಗೆ ಅಲ್ಲ. ಇಂಥ ಹಾಸಿಗೆ, ಇಂಥ ಬಚ್ಚಲು, ರಾತ್ರಿ ಎರಡು ಗಂಟೆಗೆ ಎದ್ದು ಬರುವ ಇಂಥ ವ್ಯಕ್ತಿ ಇರುವ ಒಂದು ಏರ್ಪಾಡನ್ನು ಅಂಥದೇ ಇನ್ನೊಂದು ಏರ್ಪಾಡಿನೊಂದಿಗೆ.

ಮೊದಲು ಅವರನ್ನೇ ಕೇಳುವುದು

ಅಮೆರಿಕದಲ್ಲಿ ಆರೈಕೆ ಕೇಂದ್ರಗಳು ನಿವಾಸಿಗಳ ಸ್ಥಿತಿಯನ್ನು ನಿಯತವಾಗಿ ದಾಖಲಿಸುವ ಒಂದು ನಮೂನೆಯಿದೆ. 2010ರಿಂದ ಆ ನಮೂನೆಯಲ್ಲಿ, ಇಲ್ಲಿಂದ ಹೊರಟು ಸಮುದಾಯದ ನಡುವೆ ಬದುಕುವ ಸಾಧ್ಯತೆಯ ಬಗ್ಗೆ ಯಾರೊಂದಿಗಾದರೂ ಮಾತನಾಡಲು ಇಷ್ಟವಿದೆಯೇ ಎಂದು ನಿವಾಸಿಯನ್ನೇ ನೇರವಾಗಿ ಕೇಳಬೇಕೆಂಬ ಭಾಗವೊಂದು ಸೇರಿದೆ. ಇದರ ಬೆನ್ನಿಗೆ 1999ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಓಲ್ಮ್‌ಸ್ಟೆಡ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಇದೆ: ಹೊರಗೆ ಬದುಕಬಲ್ಲವರನ್ನು ಅನಗತ್ಯವಾಗಿ ಸಂಸ್ಥೆಯೊಳಗೆ ಇರಿಸುವುದು ತಾರತಮ್ಯ ಎಂದು ಅದು ಹೇಳಿತು. 2005ರ ಒಂದು ಕಾನೂನಿನ ಮೂಲಕ, ಸಂಸ್ಥೆಗೆ ಹೋಗುತ್ತಿದ್ದ ಸರ್ಕಾರದ ಹಣ ವ್ಯಕ್ತಿಯ ಹಿಂದೆ ಮನೆಯವರೆಗೂ ಬರುವ ಯೋಜನೆಯನ್ನೂ ಅಲ್ಲಿ ರೂಪಿಸಿದರು. ನಮ್ಮಲ್ಲಿ ಕೇಂದ್ರದ ಶುಲ್ಕ ಬಹುತೇಕ ಮಕ್ಕಳ ಜೇಬಿನಿಂದಲೇ ಹೋಗುವುದರಿಂದ ಈ ಪ್ರಶ್ನೆಯನ್ನು ಕೇಳುವ ಹೊಣೆಯೂ ಮಕ್ಕಳ ಮೇಲೆಯೇ ಬೀಳುತ್ತದೆ. ನಮ್ಮ ಕಾನೂನು ಈ ವಿಷಯದಲ್ಲಿ ಪೂರ್ತಿ ಮೌನವಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 5ನೇ ಸೆಕ್ಷನ್ ಮತ್ತು 2017ರ ಮಾನಸಿಕ ಆರೋಗ್ಯ ಕಾಯಿದೆಯ 19ನೇ ಸೆಕ್ಷನ್, ತಮ್ಮ ವ್ಯಾಪ್ತಿಗೆ ಬರುವವರಿಗೆ ಸಮಾಜದ ನಡುವೆ ಬದುಕುವ ಹಕ್ಕಿದೆ ಎಂದು ಹೇಳುತ್ತವೆ.

ಕೇಳುವ ರೀತಿಯೂ ಮುಖ್ಯ. 'ಮನೆಗೆ ಬರ್ತೀರಾ?' ಎಂದು ಕೇಂದ್ರದ ಭೇಟಿಯ ಹೊತ್ತಿನಲ್ಲಿ ಎಲ್ಲರೆದುರು ಕೇಳಿದರೆ, ಮಕ್ಕಳಿಗೆ ಹೊರೆಯಾಗಬಾರದೆಂದು 'ಇಲ್ಲೇ ಸುಖ ಇದೆ' ಎನ್ನುವವರೇ ಹೆಚ್ಚು. ನಮ್ಮ ದೊಡ್ಡಮ್ಮನೂ ಮೊದಲು ಹಾಗೆಯೇ ಅಂದದ್ದು. ನಾಲ್ಕನೆಯ ಸಲ ಒಬ್ಬರೇ ಇದ್ದಾಗ, ಬೆಳಿಗ್ಗೆ ಎದ್ದು ಮೊದಲು ಏನು ನೋಡಬೇಕೆನಿಸುತ್ತದೆ ಎಂದು ಕೇಳಿದೆ. 'ಅಂಗಳ' ಎಂದರು. ಅಂಗಳ ಎಂಬ ಉತ್ತರಕ್ಕೆ ನೂರು ಕಿಲೋಮೀಟರ್ ದೂರದ ಫ್ಲ್ಯಾಟೂ ಸಲ್ಲುವುದಿಲ್ಲ, ಆಶ್ರಮದ ವರಾಂಡವೂ ಸಲ್ಲುವುದಿಲ್ಲ. ಮುಂದಿನ ಹೋಲಿಕೆಗೆ ಆ ಒಂದು ಮಾತು ನಮಗೆ ಅಳತೆಗೋಲಾಯಿತು.

ಅಳತೆ ಯಾವ ಭಾಷೆಯಲ್ಲಿ?

ಮನೆಗೆ ಮರಳಬಲ್ಲರೇ ಎಂದು ನೋಡಲು ವೈದ್ಯರು, ಫಿಸಿಯೋಥೆರಪಿಸ್ಟರು ಬಳಸುವ ಸರಳ ಅಳತೆಗಳಿವೆ. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯದ ಬಳಕೆ, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ ಎಂಬ ಆರು ಕೆಲಸಗಳನ್ನು ತಾವಾಗಿ ಮಾಡುತ್ತಾರೆಯೇ ಎಂದು ನೋಡುವುದು ಕಟ್ಜ್ ಸೂಚಿ, ಇದು 1963ರದು. 1965ರ ಬಾರ್ತೆಲ್ ಸೂಚಿಯಲ್ಲಿ ಹತ್ತು ಅಂಶಗಳಿಗೆ ಒಟ್ಟು 100 ಅಂಕ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳಲು 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ಎಣಿಸುವ ಪರೀಕ್ಷೆಯನ್ನು ಗಡಿಯಾರವೊಂದಿದ್ದರೆ ನಾವೂ ಮಾಡಬಹುದು; ಪಕ್ಕದಲ್ಲಿ ಹಿಡಿಯಲು ಒಬ್ಬರು ನಿಂತಿರಬೇಕು, ಅಷ್ಟೆ. ಅಡುಗೆ, ಫೋನು, ಮದ್ದು ತೆಗೆದುಕೊಳ್ಳುವುದು, ಹಣದ ಲೆಕ್ಕ ಮುಂತಾದ ಎಂಟು ಕೆಲಸಗಳನ್ನು ನೋಡುವ ಲಾಟನ್ ಮಾಪಕ ಒಬ್ಬರೇ ಇರಬಲ್ಲರೇ ಎಂಬ ಪ್ರಶ್ನೆಗೆ ಹೆಚ್ಚು ಉಪಯುಕ್ತ. ಒಟ್ಟು ಅಂಕಕ್ಕಿಂತ ಯಾವ ಸಾಲಿನಲ್ಲಿ ಅಂಕ ಹೋಯಿತು ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಮೆಟ್ಟಿಲು ಹತ್ತಲಾರದವರಿಗೂ ಮೂತ್ರದ ಹಿಡಿತವಿಲ್ಲದವರಿಗೂ ಅಂಕ ಒಂದೇ ಬರಬಹುದು, ಆದರೆ ಮನೆಯಲ್ಲಿ ಬೇಕಾದ ಸಿದ್ಧತೆ ಬೇರೆ ಬೇರೆ.

ನಮ್ಮ ಗಡಿನಾಡಿನಲ್ಲಿ ಎಡವುವುದು ಮರೆವಿನ ಪರೀಕ್ಷೆಯಲ್ಲಿ. ದೊಡ್ಡಮ್ಮನ ಕಡತದಲ್ಲಿ 'ಕಾಲದ ಅರಿವಿಲ್ಲ' ಎಂದು ಬರೆದಿತ್ತು. ಇದು ಹೇಗೆ ಎಂದು ನೋಡಲು ಪರೀಕ್ಷೆಯ ದಿನ ಪಕ್ಕದಲ್ಲಿ ಕುಳಿತೆ. ಪರೀಕ್ಷೆ ಮಾಡುವ ಹುಡುಗಿ ಮಲಯಾಳದಲ್ಲಿ ಇದು ಯಾವ ತಿಂಗಳು ಎಂದು ಕೇಳಿದಳು. ದೊಡ್ಡಮ್ಮ ಸ್ವಲ್ಪ ತಡೆದು 'ಆಟಿ' ಎಂದರು. ಆಕೆ ತಪ್ಪು ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದಳು. ಅದು ಜುಲೈ ಕೊನೆಯ ವಾರ; ಮಲಯಾಳದವರ ಕರ್ಕಾಟಕ ತಿಂಗಳೇ ತುಳುವರ ಆಟಿ. ಉತ್ತರ ನೂರಕ್ಕೆ ನೂರು ಸರಿಯಿತ್ತು. ಹಿಮ್ಮುಖವಾಗಿ ಎಣಿಸಿ ಎಂದಾಗಲೂ ಹಾಗೆಯೇ: ಮಲಯಾಳದ ಸಂಖ್ಯೆಯನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ, ಕಳೆದು, ಉತ್ತರ ಹೇಳುವ ಹೊತ್ತಿಗೆ ಎದುರಿನವರ ಸಹನೆ ಮುಗಿದಿತ್ತು. ಮನೆಯಲ್ಲಿ ತುಳು, ಹವ್ಯಕ, ಮರಾಠಿ, ಕೊಂಕಣಿ ಅಥವಾ ಬ್ಯಾರಿ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಮಲಯಾಳವನ್ನು ಪೇಟೆಯಲ್ಲಿ ಮಾತ್ರ ಕಲಿತ ಹಿರಿಯರು ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಸಾಕಷ್ಟಿದ್ದಾರೆ. ಅವರ ಪರೀಕ್ಷೆಯನ್ನು ಅವರ ಮನೆಮಾತಿನಲ್ಲಿ, ಮಾತು ಬಲ್ಲವರೊಬ್ಬರನ್ನು ಕೂರಿಸಿಕೊಂಡು ಮಾಡಿಸದೆ ಬಂದ ಅಂಕವನ್ನು ನಂಬಿ ಯಾವ ತೀರ್ಮಾನವನ್ನೂ ಮಾಡಬೇಡಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ನಿಜವಾಗಿಯೂ ಮರೆವು ಇದೆಯೆಂದಾದರೂ ಅದರಲ್ಲಿ ಸರಿಪಡಿಸಬಲ್ಲ ಪಾಲು ಎಷ್ಟು ಎಂದು ನೋಡಬೇಕು. ಥೈರಾಯ್ಡ್ ಕೊರತೆ, ಬಿ12 ಕೊರತೆ, ರಕ್ತದಲ್ಲಿ ಸೋಡಿಯಂ ಇಳಿಯುವುದು, ಮೂತ್ರದ ಸೋಂಕು, ಖಿನ್ನತೆ, ನಿದ್ದೆಮಾತ್ರೆ ಇವೆಲ್ಲ ಮಂಕನ್ನು ತರುತ್ತವೆ. ಶಸ್ತ್ರಚಿಕಿತ್ಸೆಯ ನಂತರದ ಗೊಂದಲ ಕೆಲವು ವಾರಗಳಲ್ಲಿ ತಿಳಿಯಾಗುವುದುಂಟು. ಕಿವಿ ಕೇಳದವರನ್ನು ಬುದ್ಧಿ ಮಂದವಾದವರೆಂದು ತಿಳಿಯುವುದಂತೂ ದಿನನಿತ್ಯದ ಸಂಗತಿ. ಆಸ್ಪತ್ರೆಯಲ್ಲಿ ಹಾಕಿದ ಕೆಥೆಟರನ್ನು, ಎಂದರೆ ಮೂತ್ರದ ನಳಿಗೆಯನ್ನು, ತೆಗೆಯಲು ಯಾರೂ ಹೇಳದೆ ತಿಂಗಳುಗಟ್ಟಲೆ ಉಳಿದಿದೆಯೇ ಎಂಬುದನ್ನೂ ವೈದ್ಯರಲ್ಲಿ ಕೇಳಿ; ಅದೊಂದು ಹೋದರೆ ಮನೆಗೆ ಬರುವ ದಾರಿಯ ಅರ್ಧ ತೊಡಕು ಹೋದಂತೆ.

ಮನೆಯನ್ನೂ ಆರೈಕೆ ಮಾಡುವವರನ್ನೂ ಅಳೆಯುವುದು

ಹಿರಿಯರನ್ನು ಇಷ್ಟೆಲ್ಲ ಅಳೆದ ಮೇಲೆ ಮನೆಯನ್ನು ಅಳೆಯಲು ಟೇಪು ಹಿಡಿಯುವವರು ಕಡಿಮೆ. ನಮ್ಮ ಮುರಕಲ್ಲಿನ ಹಳೆಯ ಮನೆಗಳು ಎತ್ತರದ ಜಗಲಿ, ಎತ್ತರದ ಹೊಸ್ತಿಲು, ಕಿರಿದಾದ ಬಾಗಿಲು, ಹಿಂದುಗಡೆ ಪ್ರತ್ಯೇಕವಾದ ಬಚ್ಚಲು ಇರುವಂಥವು. ಗಾಲಿಕುರ್ಚಿಯ ಇಳಿಜಾರಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಲೆಕ್ಕ. ನಮ್ಮ ಜಗಲಿ ಅಂಗಳದಿಂದ ಒಂದೂವರೆ ಅಡಿ ಎತ್ತರ, ಎಂದರೆ ಹದಿನೆಂಟು ಅಡಿ ಉದ್ದದ ಇಳಿಜಾರು. ನೇರವಾಗಿ ಕಟ್ಟಿದರೆ ಅದು ತುಳಸಿಕಟ್ಟೆಗೆ ಹೋಗಿ ತಾಗುತ್ತಿತ್ತು, ಹಾಗಾಗಿ ಗೋಡೆಯ ಪಕ್ಕದಲ್ಲಿ ತಿರುಗಿಸಿ ಕಟ್ಟಿಸಿದೆವು. ಬಾಗಿಲಿನ ತೆರವು 80 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಗಾಲಿಕುರ್ಚಿ ತಳ್ಳುವವರ ಬೆರಳ ಗೆಣ್ಣುಗಳು ದಾರಂದಕ್ಕೆ ಉಜ್ಜುತ್ತವೆ. ಹಾಸಿಗೆಯಿಂದ ಬಚ್ಚಲಿಗೆ ಎಷ್ಟು ಹೆಜ್ಜೆ ಎಂದು ರಾತ್ರಿ ದೀಪ ಆರಿಸಿ ನೀವೇ ನಡೆದು ನೋಡಿ. ನಮ್ಮದು ಇಪ್ಪತ್ತೆರಡು ಹೆಜ್ಜೆ, ಅದರಲ್ಲಿ ಒಂಬತ್ತು ಮಳೆಗಾಲದಲ್ಲಿ ಪಾಚಿ ಕಟ್ಟುವ ಕಲ್ಲಿನ ಮೇಲೆ. ದೊಡ್ಡಮ್ಮ ಬಿದ್ದದ್ದೂ ಅಲ್ಲೇ. ಎರಡು ಮೂರು ಸಾವಿರದ ಕಮೋಡ್ ಕುರ್ಚಿಯೊಂದು ಮಂಚದ ಪಕ್ಕಕ್ಕೆ ಬಂದದ್ದರಿಂದ ಆ ಇಪ್ಪತ್ತೆರಡು ಹೆಜ್ಜೆಗಳ ಪ್ರಶ್ನೆ ರಾತ್ರಿಯ ಮಟ್ಟಿಗೆ ಮುಗಿಯಿತು.

ಆರೈಕೆ ಮಾಡುವವರನ್ನು ಅಳೆಯುವುದು ಇದಕ್ಕಿಂತ ಕಷ್ಟ, ಏಕೆಂದರೆ ಆ ವ್ಯಕ್ತಿ ಸಾಮಾನ್ಯವಾಗಿ ಸೊಸೆ ಅಥವಾ ಮದುವೆಯಾಗದ ಮಗಳು, ಮತ್ತು 'ನನ್ನಿಂದಾಗದು' ಎನ್ನುವ ಅವಕಾಶವನ್ನು ಮನೆಯವರು ಅವರಿಗೆ ಕೊಟ್ಟಿರುವುದಿಲ್ಲ. ಅವರ ವಯಸ್ಸು, ಬೆನ್ನು ನೋವು, ನಿದ್ದೆ, ಕೆಲಸ ಇವನ್ನು ಪ್ರತ್ಯೇಕವಾಗಿ ಕುಳಿತು ಕೇಳಬೇಕು. ಅರವತ್ತೈದರ ಸೊಸೆ ತೊಂಬತ್ತರ ಅತ್ತೆಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕೆಂಬ ಏರ್ಪಾಡು ಕಾಗದದ ಮೇಲೆ ಮಾತ್ರ ನಡೆಯುತ್ತದೆ.

ದಾರಿಗಳ ಹೋಲಿಕೆ

ಅಲ್ಲಿಯೇ ಮುಂದುವರಿಯುವುದು ಕೂಡ ಒಂದು ಆಯ್ಕೆಯೇ ಹೊರತು ಸೋಲಲ್ಲ. ಎತ್ತಲು ಇಬ್ಬರು ಬೇಕಾದಷ್ಟು ಭಾರವಿದ್ದು ಮನೆಯಲ್ಲಿ ಒಬ್ಬರೇ ಇದ್ದರೆ, ಮರೆವಿನಿಂದ ರಾತ್ರಿ ಹೊರಗೆ ಹೋಗುವ ಅಭ್ಯಾಸವಿದ್ದು ಮನೆಯ ಪಕ್ಕದಲ್ಲೇ ತೆರೆದ ಕೆರೆಯೋ ಹೊಂಡವೋ ಇದ್ದರೆ, ನುಂಗಿದ್ದು ಮತ್ತೆ ಮತ್ತೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತಿದ್ದರೆ ಕೇಂದ್ರವೇ ಒಳ್ಳೆಯದು. ಅಲ್ಲಿಯೇ ಗೆಳೆತನ ಬೆಳೆದು, ಇರುವುದೇ ಇಷ್ಟವೆಂದು ಅವರು ಮನಃಪೂರ್ವಕವಾಗಿ ಹೇಳಿದರೂ ಹಾಗೆಯೇ. ಆಗ ಹೋಲಿಸಬೇಕಾದದ್ದು ಈ ಕೇಂದ್ರವನ್ನು ಇನ್ನೊಂದರೊಂದಿಗೆ: ನೋಂದಣಿಯಾಗಿದೆಯೇ, ರಾತ್ರಿ ಪಾಳಿಯಲ್ಲಿ ಎಷ್ಟು ಜನ, ಕನ್ನಡವೋ ತುಳುವೋ ಬಲ್ಲವರು ಒಬ್ಬರಾದರೂ ಇದ್ದಾರೆಯೇ, ಹಾಸಿಗೆ ಹುಣ್ಣು ಆದವರು ಎಷ್ಟು ಮಂದಿ ಎಂದು ಕೇಳಿದರೆ ನೇರ ಉತ್ತರ ಬರುತ್ತದೆಯೇ.

ಸ್ವಂತ ಮನೆಗೆ ಮರಳಿ ಹೋಂ ನರ್ಸನ್ನು ಇಟ್ಟುಕೊಳ್ಳುವುದು ನಮ್ಮಲ್ಲಿ ಮೊದಲು ಹೊಳೆಯುವ ದಾರಿ. ಹೆಸರಿನಲ್ಲಿ ನರ್ಸ್ ಇದ್ದರೂ ಬಹುತೇಕರು ನರ್ಸಿಂಗ್ ಓದಿದವರಲ್ಲ, ಅನುಭವದಿಂದ ಕಲಿತವರು. ಇನ್ಸುಲಿನ್ ಚುಚ್ಚುವುದು, ಗಾಯಕ್ಕೆ ಡ್ರೆಸಿಂಗ್ ಮಾಡುವುದು ಬರುತ್ತದೆಯೇ ಎಂದು ಮೊದಲೇ ಕೇಳಬೇಕು. ಓಣಂ, ಕ್ರಿಸ್ಮಸ್ಸಿಗೆ ಅವರು ಊರಿಗೆ ಹೋದಾಗ ಬದಲಿ ಯಾರು ಎಂಬುದಕ್ಕೆ ಏಜೆನ್ಸಿಯಿಂದ ಲಿಖಿತವಾಗಿ ಉತ್ತರ ಪಡೆಯಿರಿ. ಕೇರಳದ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀಯ ತರಬೇತಿ ಪಡೆದ ಆರೈಕೆದಾರರು ಹತ್ತಿರದಲ್ಲಿ ಸಿಕ್ಕಿದರೆ ನಾನು ಅವರನ್ನೇ ಮೊದಲು ನೋಡುತ್ತೇನೆ. ಊರಿನವರಾದುದರಿಂದ ಮಾತೂ ಬರುತ್ತದೆ, ಸಂಜೆ ಮನೆಗೆ ಹೋಗಿ ಬೆಳಿಗ್ಗೆ ಬರಲೂ ಆಗುತ್ತದೆ.

ಈ ದಾರಿಗೆ ನಮ್ಮ ಜಿಲ್ಲೆಯಲ್ಲಿ ಇರುವ ದೊಡ್ಡ ಆಸರೆ ಪಾಲಿಯೇಟಿವ್ ತಂಡ, ಎಂದರೆ ದೀರ್ಘ ಕಾಯಿಲೆಯವರ ನೋವು, ಕಷ್ಟ ತಗ್ಗಿಸಲು ಮನೆಗೇ ಬರುವ ಆರೈಕೆಯ ತಂಡ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಸಣ್ಣದಾಗಿ ಶುರುವಾದ ಚಳವಳಿಯ ಫಲವಾಗಿ 2008ರಲ್ಲಿ ಕೇರಳ ಸರ್ಕಾರ ಪಾಲಿಯೇಟಿವ್ ನೀತಿಯನ್ನು ಪ್ರಕಟಿಸಿತು; ಪಂಚಾಯತು ಮಟ್ಟದಲ್ಲಿ ನರ್ಸ್ ಮನೆಮನೆಗೆ ಬರುವ ವ್ಯವಸ್ಥೆ ಹಾಗೆ ಬೆಳೆಯಿತು. ಪಾಲಿಯೇಟಿವ್ ಎಂದರೆ ಸಾಯುವ ಕ್ಯಾನ್ಸರ್ ರೋಗಿಗೆ ಎಂದು ತಿಳಿದು ಹೆಸರು ಬರೆಸಲು ಹಿಂಜರಿಯುವವರಿದ್ದಾರೆ. ಪಾರ್ಶ್ವವಾಯು ಆದವರು, ಬೆನ್ನುಹುರಿಗೆ ಏಟು ಬಿದ್ದವರು, ವಯಸ್ಸಿನಿಂದ ಹಾಸಿಗೆ ಹಿಡಿದವರು ಎಲ್ಲರೂ ಅದರ ವ್ಯಾಪ್ತಿಯಲ್ಲಿದ್ದಾರೆ. ಕೆಥೆಟರ್ ಬದಲಿಸುವುದು, ಹುಣ್ಣಿನ ಆರೈಕೆ, ಮನೆಯವರಿಗೆ ಕಲಿಸಿಕೊಡುವುದು ಅವರ ಕೆಲಸ; ವಾಟರ್‌ಬೆಡ್, ಗಾಲಿಕುರ್ಚಿ ಎರವಲು ಸಿಗುವುದೂ ಉಂಟು. ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಎಣ್ಮಕಜೆ, ಬೆಳ್ಳೂರಿನಂಥ ಪಂಚಾಯತುಗಳ ಮನೆಗಳಿಗೆ ಹಾಸಿಗೆ ಹಿಡಿದವರನ್ನು ಹೇಗೆ ನೋಡಿಕೊಳ್ಳಬೇಕೆಂದು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಅಂಥ ತಾಯಂದಿರೊಬ್ಬರೊಂದಿಗೆ ಅರ್ಧ ಗಂಟೆ ಮಾತನಾಡಿದರೆ ಹತ್ತು ಕರಪತ್ರ ಓದಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ. ಆದರೆ ತಂಡದವರು ಬಂದು ಹೋಗುವವರು, ರಾತ್ರಿ ಉಳಿಯುವವರಲ್ಲ. ರಾತ್ರಿಯ ಲೆಕ್ಕ ಮನೆಯವರದೇ.

ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಮಕ್ಕಳ ಫ್ಲ್ಯಾಟಿಗೆ ಹೋಗುವುದನ್ನೂ ನಾವು ಮನೆಗೆ ಹೋಗುವುದು ಎಂದೇ ಕರೆಯುತ್ತೇವೆ. ಲಿಫ್ಟು, ಒಳಗೇ ಇರುವ ಶೌಚಾಲಯ, ಹತ್ತು ನಿಮಿಷದಲ್ಲಿ ಆಸ್ಪತ್ರೆ, ಇವು ದೊಡ್ಡ ಅನುಕೂಲಗಳೇ. ಹೃದಯದ ತೊಂದರೆಯಿರುವವರಿಗೆ ಅಥವಾ ಡಯಾಲಿಸಿಸ್‌ನ ಅಗತ್ಯವಿರುವವರಿಗೆ ಇದೇ ಸರಿ. ಆದರೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಬಾಗಿಲು ಹಾಕಿದ ಮನೆಯಲ್ಲಿ ಟಿವಿಯ ಎದುರು ಕೂರುವುದನ್ನು ಸಮುದಾಯದ ಬದುಕು ಎನ್ನಲಾಗದು. ಕೇಂದ್ರದಲ್ಲಿ ಕಡೇಪಕ್ಷ ಎದುರು ಮಂಚದವರು ಇರುತ್ತಾರೆ. ಇನ್ನೊಂದು ವ್ಯಾವಹಾರಿಕ ಸಂಗತಿ: ಕರ್ನಾಟಕದ ಗಡಿಯ ತಲಪಾಡಿ ದಾಟಿದರೆ ನಮ್ಮ ಪಂಚಾಯತಿನ ನರ್ಸ್ ಬರುವುದಿಲ್ಲ. 2020ರ ಮಾರ್ಚಿನಲ್ಲಿ, ಕೋವಿಡ್ ಹೊತ್ತಿನಲ್ಲಿ, ಗಡಿಗೆ ಮಣ್ಣು ಸುರಿದು ರಸ್ತೆ ಮುಚ್ಚಿದಾಗ, ಐವತ್ತು ಕಿಲೋಮೀಟರ್ ಎಂಬುದು ಎಷ್ಟು ದೂರವಾಗಬಲ್ಲದು ಎಂದು ಕಾಸರಗೋಡಿನವರು ಕಂಡಿದ್ದಾರೆ.

ನನಗೆ ಹೆಚ್ಚು ಒಪ್ಪಿಗೆಯಾದದ್ದು ನಡುವಿನ ದಾರಿ. ತೋಟದ ಕೆಳಗಿನ ಹಳೆಯ ಮನೆಗೆ ಮಳೆಗಾಲದಲ್ಲಿ ಜೀಪು ಮಾತ್ರ ಇಳಿಯುತ್ತದೆ, ಆಂಬುಲೆನ್ಸ್ ಇಳಿಯುವುದಿಲ್ಲ ಎಂದಾದರೆ, ಅದೇ ಊರಿನಲ್ಲಿ ರಸ್ತೆ ಬದಿಯ ಸಂಬಂಧಿಕರ ಮನೆಯ ಒಂದು ಕೋಣೆಯೋ ಬಾಡಿಗೆಯ ಸಣ್ಣ ಮನೆಯೋ ಆಗಬಹುದು. ಗುರುತಿನ ಮುಖಗಳು, ಗುರುತಿನ ಮಾತು, ದೇವಸ್ಥಾನದ ಗಂಟೆ, ಮಸೀದಿಯ ಬಾಂಗು ಎಲ್ಲವೂ ಅದೇ ಇರುತ್ತವೆ. ಬದಲಾಗುವುದು ಮೆಟ್ಟಿಲು ಮತ್ತು ಬಚ್ಚಲು ಮಾತ್ರ. ಹತ್ತಿರದಲ್ಲಿ ಪಂಚಾಯತಿನ ಪಗಲುವೀಡು, ಎಂದರೆ ಹಿರಿಯರ ಹಗಲುಮನೆ ನಡೆಯುತ್ತಿದ್ದರೆ, ಕೆಲಸಕ್ಕೆ ಹೋಗುವ ಮನೆಯವರಿಗೆ ಹಗಲಿನ ಪ್ರಶ್ನೆಯೂ ಬಗೆಹರಿಯುತ್ತದೆ. ಕಟ್ಟಡವಿದ್ದು ಬೀಗ ಹಾಕಿದ ಹಗಲುಮನೆಗಳೂ ಇರುವುದರಿಂದ ಮೊದಲು ಹೋಗಿ ನೋಡಿ ಬನ್ನಿ.

ಹಣ, ಕಾಗದ

ಕೇಂದ್ರದ ತಿಂಗಳ ಶುಲ್ಕವನ್ನು ಹೋಂ ನರ್ಸಿನ ಸಂಬಳದೊಂದಿಗೆ ಮಾತ್ರ ಹೋಲಿಸುವುದು ಲೆಕ್ಕದ ಸಾಮಾನ್ಯ ತಪ್ಪು. ನರ್ಸಿನ ಊಟ, ಏಜೆನ್ಸಿಯ ಕಮಿಷನ್, ದಿನಕ್ಕೆ ಮೂರರಂತೆ ತಿಂಗಳಿಗೆ ತೊಂಬತ್ತು ಡಯಾಪರ್, ಫಿಸಿಯೋಥೆರಪಿ, ವಿದ್ಯುತ್ತು, ಒಮ್ಮೆ ಮಾತ್ರ ಆಗುವ ಇಳಿಜಾರು ಮತ್ತು ಹಿಡಿಕೆಗಳ ಖರ್ಚು, ಕೆಲಸ ಬಿಟ್ಟು ಕೂರುವವರ ಸಂಬಳ ಇವೆಲ್ಲ ಸೇರಬೇಕು. ಹಾಸಿಗೆ ಹಿಡಿದವರನ್ನು ಪೂರ್ಣಾವಧಿ ನೋಡಿಕೊಳ್ಳುವವರಿಗೆಂದು ಕೇರಳ ಸಾಮಾಜಿಕ ಸುರಕ್ಷಾ ಮಿಷನ್ ನಡೆಸುವ ಆಶ್ವಾಸಕಿರಣಂ ಯೋಜನೆಯ ನೆರವು ತಿಂಗಳಿಗೆ 600 ರೂಪಾಯಿ. ಡಯಾಪರಿಗೂ ಸಾಲದು, ಆದರೂ ಅರ್ಜಿಯ ವಿಷಯ ವಿಚಾರಿಸಿಡಿ. ವಯೋಮಿತ್ರಂ ಎಂಬ ಹಿರಿಯರ ಆರೋಗ್ಯ ಯೋಜನೆಯ ಉಚಿತ ಮದ್ದು 65 ದಾಟಿದವರಿಗೆ, ಮುಖ್ಯವಾಗಿ ನಗರಸಭೆಗಳ ವ್ಯಾಪ್ತಿಯಲ್ಲಿ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಜಿಲ್ಲೆಯ ಕನ್ನಡಿಗರಿಗೆ ಆ ಅವಕಾಶವನ್ನು ಕೊಟ್ಟಿದೆ.

ಮಕ್ಕಳ ನಡುವೆ ಖರ್ಚಿನ ತಕರಾರು ಇದ್ದರೆ 2007ರ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯಡಿ ಉಪವಿಭಾಗ ಮಟ್ಟದ ನ್ಯಾಯಮಂಡಳಿ ಇದೆ. ಅಲ್ಲಿಗೆ ಹೋಗುವ ಮೊದಲು ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ ಕೇಳಬಹುದು. 'ನೋಡಿಕೊಳ್ಳುತ್ತೇನೆ, ಜಾಗ ಬರೆದುಕೊಡಿ' ಎಂಬ ಮಾತಿನ ಮೇಲೆ ಮನೆಗೆ ಕರೆತರುವುದಾದರೆ, ನೋಡಿಕೊಳ್ಳಬೇಕೆಂಬ ಷರತ್ತು ದಾನಪತ್ರದಲ್ಲೇ ಇರಲಿ; ಅದೇ ಕಾಯಿದೆಯ 23ನೇ ಸೆಕ್ಷನ್ ಪ್ರಕಾರ, ಷರತ್ತು ಮುರಿದರೆ ಆ ವರ್ಗಾವಣೆಯನ್ನು ರದ್ದುಪಡಿಸಲು ನ್ಯಾಯಮಂಡಳಿಯನ್ನು ಕೇಳಬಹುದು.

ಒಮ್ಮೆಗೇ ಹೊರಡಬೇಡಿ

ಕೇಂದ್ರದಲ್ಲಿರುವ ಹಾಸಿಗೆಯನ್ನು ಬಿಟ್ಟುಕೊಡುವ ಮೊದಲು ಒಂದು ತಿಂಗಳ ಶುಲ್ಕ ಕೊಟ್ಟಾದರೂ ಅದನ್ನು ಉಳಿಸಿಕೊಂಡು ಪ್ರಯೋಗ ಮಾಡಿ. ಮೊದಲು ಒಂದು ಹಗಲು, ಆಮೇಲೆ ಎರಡು ರಾತ್ರಿ, ಆಮೇಲೆ ಒಂದು ವಾರ. ಆಟಿಯ ಮಳೆಯಲ್ಲಿ ಪ್ರಯೋಗ ಬೇಡ. ಅಂಗಳ ಒಣಗಿದ ಮೇಲೆ, ನವೆಂಬರಿನ ನಂತರ ಕರೆತರುವುದು ಲೇಸು. ಹೊರಡುವಾಗ ಮದ್ದಿನ ಪಟ್ಟಿ, ಪ್ರತಿ ಮದ್ದು ಯಾಕೆ ಎಂಬ ವಿವರ, ಕೊನೆಯ ಸಲ ಕೆಥೆಟರ್ ಬದಲಿಸಿದ ದಿನಾಂಕ, ಮಲಗಿಸುವ ಎಬ್ಬಿಸುವ ಕ್ರಮ ಇವನ್ನು ಕೇಂದ್ರದವರಿಂದ ಬರೆಸಿಕೊಂಡು, ಪಂಚಾಯತಿನ ಪಾಲಿಯೇಟಿವ್ ನರ್ಸಿಗೂ ಆಶಾ ಕಾರ್ಯಕರ್ತೆಗೂ ಬರುವ ದಿನವನ್ನು ಮುಂಚಿತವಾಗಿ ತಿಳಿಸಿ.

ಆ ಒಂದು ವಾರ ನಾವೊಂದು ಹಳೆಯ ಡೈರಿಯಲ್ಲಿ ಬರೆದಿಟ್ಟದ್ದು ನಾಲ್ಕೇ ವಿಷಯ: ರಾತ್ರಿ ಎಷ್ಟು ಸಲ ಎಬ್ಬಿಸಿದರು, ಎಷ್ಟು ಉಂಡರು, ಎಲ್ಲಿ ತಡವರಿಸಿದರು, ನೋಡಿಕೊಂಡವರು ಎಷ್ಟು ಹೊತ್ತು ನಿದ್ದೆ ಮಾಡಿದರು. ಮೊದಲ ರಾತ್ರಿ ಆರು ಸಲ ಎಬ್ಬಿಸಿದ್ದರು. ಸಂಜೆಯ ಬಿ.ಪಿ. ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಮದ್ದೂ ಸೇರಿದೆ ಎಂದು ನರ್ಸ್ ಗಮನಿಸಿದರು. ವೈದ್ಯರನ್ನು ಕೇಳಿ ಅದನ್ನು ಬೆಳಿಗ್ಗೆಗೆ ಬದಲಿಸಿದ ಮೇಲೆ ಆರು ಎರಡಕ್ಕೆ ಇಳಿಯಿತು. ಏಳನೆಯ ದಿನ, ರಾತ್ರಿ ನೋಡಿಕೊಳ್ಳುತ್ತಿದ್ದ ಅತ್ತಿಗೆಯ ನಿದ್ದೆಯ ಸಾಲಿನಲ್ಲಿ ಐದೂವರೆ ಗಂಟೆ ಎಂದಿತ್ತು. ಅದನ್ನು ನೋಡಿಯೇ ರಾತ್ರಿಗೆ ಮಾತ್ರ ಒಬ್ಬರನ್ನು ಗೊತ್ತು ಮಾಡಿ, ಕೇಂದ್ರದ ಹಾಸಿಗೆಯನ್ನು ಬಿಟ್ಟುಕೊಟ್ಟೆವು.